ಜಿಮ್ನಿಯ ಹಿಂಬದಿಗೆ 20 ಲೀಟರ್: ಚಾಸಿಸ್‌ಗೆ ಕೂರಿಸಿದ ಜೆರಿಕ್ಯಾನ್ ತೋಳಿನ ವಿಮರ್ಶೆ

ಮಾರುತಿ ಸುಜುಕಿ ಜಿಮ್ನಿಯ ಪೆಟ್ರೋಲ್ ಟ್ಯಾಂಕಿನಲ್ಲಿ ಹಿಡಿಸುವುದು 40 ಲೀಟರ್. ಬೆಂಗಳೂರಿನಿಂದ ಮಡಿಕೇರಿಗೋ ಸಕಲೇಶಪುರದ ತೋಟಗಳ ಕೆಸರು ದಾರಿಗೋ ಹೋಗಿ ಬರುವವರಿಗೆ ಇದೊಂದು ಕೊರತೆಯೇ ಅಲ್ಲ. ಕರ್ನಾಟಕದ ಯಾವ ದಿಕ್ಕಿಗೆ ಹೊರಟರೂ ಅರ್ಧ ಟ್ಯಾಂಕ್ ಮುಗಿಯುವುದರೊಳಗೆ ಬಂಕ್ ಸಿಗುತ್ತದೆ. ಹೀಗಿದ್ದರೂ ನಮ್ಮ ರಸ್ತೆಗಳಲ್ಲಿ ಓಡಾಡುವ ಜಿಮ್ನಿ ಮತ್ತು ಥಾರ್‌ಗಳ ಪೈಕಿ ಹಲವುಗಳ ಹಿಂದೆಯೋ ಪಕ್ಕದಲ್ಲೋ ಹೆಚ್ಚುವರಿ ಇಂಧನಕ್ಕೆಂದು ಒಂದು ಕೆಂಪು ಅಥವಾ ಹಸಿರು ಕ್ಯಾನ್ ನೇತಾಡುತ್ತಿರುತ್ತದೆ, ಮತ್ತು ಸಾಮಾನ್ಯವಾಗಿ ಅದರೊಳಗೆ ಏನೂ ಇರುವುದಿಲ್ಲ. ಖಾಲಿ ಕ್ಯಾನಿಗೆ ಯಾವ ಹೋಲ್ಡರ್ ಆದರೂ ನಡೆಯುತ್ತದೆ. ತುಂಬಿದ ಕ್ಯಾನನ್ನು ಹೊತ್ತು ಕಲ್ಲುದಾರಿಯಲ್ಲಿ ನೂರಾರು ಕಿಲೋಮೀಟರ್ ಹೋಗಬೇಕಾದಾಗ ಹೋಲ್ಡರ್ ಯಾವುದಕ್ಕೆ ಬೋಲ್ಟ್ ಆಗಿದೆ ಎಂಬುದೊಂದೇ ಪ್ರಶ್ನೆ ಉಳಿಯುತ್ತದೆ. ಕ್ಯಾನಿನ ಬ್ರ್ಯಾಂಡು, ಬಣ್ಣ, ಬೆಲೆಗಳೆಲ್ಲ ಅದರ ನಂತರದವು.

ಇಲ್ಲಿ ವಿಮರ್ಶಿಸುತ್ತಿರುವುದು ಬೆಂಗಳೂರಿನ ಒಂದು ಸಣ್ಣ ವರ್ಕ್‌ಶಾಪ್ ತಯಾರಿಸಿ, ತಾನೇ ಜೋಡಿಸಿಕೊಡುವ ಸ್ವಿಂಗ್ ಆರ್ಮ್ ಕ್ಯಾರಿಯರನ್ನು. ಹಿಂದಿನ ಬಂಪರಿನ ಒಳಗೆ ಚಾಸಿಸ್‌ನ (ಗಾಡಿಯ ಬುಡದ ಉಕ್ಕಿನ ಚೌಕಟ್ಟಿನ) ಎರಡು ತುದಿಗಳಿಗೆ ಬೋಲ್ಟ್ ಆಗುವ ಉಕ್ಕಿನ ಅಡ್ಡತೊಲೆ, ಅದರ ಒಂದು ಕೊನೆಯಲ್ಲಿ ದಪ್ಪನೆಯ ಸ್ಪಿಂಡಲ್ ಸುತ್ತ ತಿರುಗುವ ತೋಳು, ತೋಳಿನ ಮೇಲೆ 20 ಲೀಟರಿನ ಒಂದು ಉಕ್ಕಿನ ಜೆರಿಕ್ಯಾನ್ ಕೂರುವ ತಟ್ಟೆ, ಇನ್ನೊಂದು ಕೊನೆಯಲ್ಲಿ ತೋಳನ್ನು ಬಿಗಿದಿಡುವ ಲ್ಯಾಚ್: ಇಷ್ಟೇ ಇದರ ರಚನೆ. ಇಂಥದನ್ನು ಮಾಡಿಕೊಡುವವರು ದೇಶದಲ್ಲಿ ಹಲವರಿದ್ದಾರೆ; ಎಲ್ಲರ ವಿನ್ಯಾಸವೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ವರ್ಕ್‌ಶಾಪಿನ ಹೆಸರು ಹೇಳದಿದ್ದರೂ ಓದುಗರಿಗೆ ನಷ್ಟವಿಲ್ಲ. ಜಾಲತಾಣಗಳಲ್ಲಿ ಮತ್ತು ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಸಿಗುವ ಸಾಧಾರಣ ಹೋಲ್ಡರ್‌ಗಿಂತ ಇದರ ಬೆಲೆ ಹಲವು ಪಟ್ಟು ಹೆಚ್ಚು. ಆ ಹೆಚ್ಚುವರಿ ಹಣಕ್ಕೆ ಸಿಗುವುದೇನು ಎಂಬುದನ್ನು ನೋಡುವ ಮುನ್ನ ಅಗತ್ಯದ ಲೆಕ್ಕವನ್ನು ಸ್ವಲ್ಪ ಬಿಡಿಸಬೇಕು.

ಮನಾಲಿಯಿಂದ ಲೇಹ್‌ಗೆ ಹೋಗುವವರು ಅಟಲ್ ಸುರಂಗ ದಾಟಿ ಲಾಹೌಲ್‌ಗೆ ಇಳಿದ ಮೇಲೆ, ಚಂದ್ರಾ ಮತ್ತು ಭಾಗಾ ನದಿಗಳು ಕೂಡುವ ತಾಂಡಿಯಲ್ಲಿ ಒಂದು ಬಂಕ್ ಇದೆ. ಮುಂದಿನ ಬಂಕ್ 365 ಕಿಲೋಮೀಟರ್ ದೂರದಲ್ಲಿದೆ ಎಂದು ಅಲ್ಲಿ ಹಾಕಿರುವ ಫಲಕದ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳದ ಪ್ರವಾಸಿಗರು ಅಪರೂಪ. ವಾಸ್ತವದಲ್ಲಿ ಲೇಹ್‌ಗಿಂತ ಸುಮಾರು 35 ಕಿಲೋಮೀಟರ್ ಮೊದಲೇ ಕಾರೂ ಎಂಬಲ್ಲಿ ಪೆಟ್ರೋಲ್ ಸಿಗುವುದರಿಂದ ನಡುವಿನ ಅಂತರ 330ರ ಆಸುಪಾಸಿಗೆ ಇಳಿಯುತ್ತದೆ. ಜಿಮ್ನಿ ಬಯಲುಸೀಮೆಯ ಹೆದ್ದಾರಿಯಲ್ಲಿ ಲೀಟರಿಗೆ ಹದಿನಾಲ್ಕು ಹದಿನೈದು ಕಿಲೋಮೀಟರ್ ಕೊಟ್ಟರೂ, ಬಾರಾಲಾಚಾ ಲಾ ಹತ್ತಿ, ಗಾಟಾ ಲೂಪ್ಸ್‌ನ 21 ತಿರುವುಗಳನ್ನು ಏರಿ, 5,328 ಮೀಟರ್ ಎತ್ತರದ ತಗ್ಲಾಂಗ್ ಲಾ ದಾಟುವ ದಾರಿಯಲ್ಲಿ, ಜನ ಮತ್ತು ಸಾಮಾನು ತುಂಬಿಕೊಂಡು ಹೋಗುವಾಗ ಹತ್ತರ ಹತ್ತಿರಕ್ಕೆ ಇಳಿದೀತು. ಅಂದರೆ 40 ಲೀಟರಿಗೆ 400 ಕಿಲೋಮೀಟರ್. ದಾರಿ ಮುಗಿಯುತ್ತದೆ, ಆದರೆ ಭೂಕುಸಿತದಿಂದ ರಸ್ತೆ ಮುಚ್ಚಿ ಹಿಂತಿರುಗಬೇಕಾಗಿ ಬಂದರೆ ಮುಗಿಯುವುದಿಲ್ಲ. ಲೇಹ್ ತಲುಪಿದ ಮೇಲೆ ಹಾನ್ಲೆಯ ಕಡೆ ಹೊರಡುವವರಿಗಂತೂ ಲೆಕ್ಕ ಇನ್ನೂ ಬಿಗಿ. ಲೇಹ್‌ನಿಂದ ಹಾನ್ಲೆ ಸುಮಾರು 250 ಕಿಲೋಮೀಟರ್. ಅಲ್ಲಿಂದ ಉಮ್ಲಿಂಗ್ ಲಾ ಕಣಿವೆದಾರಿಯನ್ನು ನೋಡಿಕೊಂಡು ಅದೇ ದಾರಿಯಲ್ಲಿ ವಾಪಸಾದರೆ 600 ಕಿಲೋಮೀಟರಿಗೆ ಕಡಿಮೆಯಿಲ್ಲ. (ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಎರಡು ಮೀಟರ್ ದೂರದರ್ಶಕ ಇರುವುದು ಈ ಹಾನ್ಲೆಯಲ್ಲಿಯೇ; ಅದನ್ನು ನಡೆಸುವವರು ಹೊಸಕೋಟೆಯಲ್ಲಿ ಕುಳಿತು ನಡೆಸುತ್ತಾರೆ. ಅವರಿಗೆ ಈ ಪೆಟ್ರೋಲಿನ ಚಿಂತೆಯಿಲ್ಲ.)

ಈ ಎರಡು ದಾರಿಗಳಿಗೂ 20 ಲೀಟರಿನ ಒಂದು ಕ್ಯಾನ್ ಸಾಕು. ಎರಡನೆಯ ಕ್ಯಾನ್ ಬೇಕೆನ್ನುವವರು ಮೊದಲು ದಾರಿಯ ನಕ್ಷೆಯನ್ನು ಮತ್ತೊಮ್ಮೆ ನೋಡುವುದು ಒಳ್ಳೆಯದು, ಏಕೆಂದರೆ ಪ್ರತಿ ಕ್ಯಾನೂ ಭಾರ. ಪೆಟ್ರೋಲಿನ ಸಾಂದ್ರತೆ ಲೀಟರಿಗೆ ಸುಮಾರು 0.74 ಕಿಲೋ, 20 ಲೀಟರಿಗೆ 15 ಕಿಲೋ, ಅದರ ಮೇಲೆ ಉಕ್ಕಿನ ಕ್ಯಾನಿನದೇ ನಾಲ್ಕು ಕಿಲೋ. ಒಟ್ಟು 19 ಕಿಲೋ ತೂಕದ, ಒಳಗೆ ತುಳುಕುವ ವಸ್ತುವೊಂದು ಪ್ರತಿ ಗುಂಡಿಯಲ್ಲೂ ತನ್ನ ತೂಕದ ಎರಡು ಮೂರು ಪಟ್ಟು ಬಲದಿಂದ ಹೋಲ್ಡರನ್ನು ಜಗ್ಗುತ್ತದೆ. ಬಯಲಿನಲ್ಲಿ ಗಟ್ಟಿಯಾಗಿ ಕಾಣುವ ತೆಳುತಗಡಿನ ಹೋಲ್ಡರ್‌ಗಳು ಮೋರೇ ಬಯಲಿನಂಥ ಕಡೆ ಸಾಲುಸಾಲು ಅಲೆಗಳೆದ್ದ ಮಣ್ಣುದಾರಿಯಲ್ಲಿ ಬಿರುಕು ಬಿಡುವುದು ಒಂದೇ ದೊಡ್ಡ ಏಟಿನಿಂದಲ್ಲ, ಗಂಟೆಗಟ್ಟಲೆ ನಡೆಯುವ ಈ ಸಣ್ಣ ಜಗ್ಗಾಟದಿಂದ.

ಕ್ಯಾನ್ ಎಲ್ಲಿರಬೇಕು ಎಂಬುದಕ್ಕೆ ಮಾರುಕಟ್ಟೆ ನಾಲ್ಕು ಉತ್ತರಗಳನ್ನು ಮಾರುತ್ತದೆ. ಅವುಗಳಲ್ಲಿ ಅತಿ ಅಗ್ಗದ್ದು, ಅತಿ ಹೆಚ್ಚು ಮಾರಾಟವಾಗುವುದು, ಹಿಂಬಾಗಿಲಿನ ಮೇಲೆ ಸ್ಟೆಪ್ನಿಯ ಬೋಲ್ಟ್‌ಗಳಿಗೆ ಸಿಕ್ಕಿಸುವ ಬ್ರ್ಯಾಕೆಟ್. ಕೊರೆಯುವುದು ಬೇಡ, ವೆಲ್ಡಿಂಗ್ ಬೇಡ, ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಆದರೆ ಜಿಮ್ನಿಯ ಪಕ್ಕಕ್ಕೆ ತೆರೆದುಕೊಳ್ಳುವ ಹಿಂಬಾಗಿಲು ತನ್ನ ಕೀಲುಗಳ ಮೇಲೆ ಈಗಾಗಲೇ ಸುಮಾರು 20 ಕಿಲೋ ತೂಕದ ಚಕ್ರವನ್ನು ಹೊತ್ತಿರುತ್ತದೆ. ಚಕ್ರಕ್ಕಿಂತ ಇನ್ನೂ ಹೊರಗೆ, ಕೀಲಿನಿಂದ ಇನ್ನೂ ದೂರದಲ್ಲಿ ಮತ್ತೆ ಅಷ್ಟೇ ತೂಕ ಸೇರಿಸಿದರೆ ಕೀಲಿನ ಮೇಲಿನ ಹೊರೆ ದುಪ್ಪಟ್ಟಿಗಿಂತ ಹೆಚ್ಚಾಗುತ್ತದೆ. ಬಾಗಿಲು ಜೋತು ಬೀಳುವುದು, ಲಾಕ್ ಸರಿಯಾಗಿ ಕೂರದಿರುವುದು, ರಬ್ಬರಿನ ಸಂದಿಯಿಂದ ಧೂಳು ಒಳನುಗ್ಗುವುದು, ಕೊನೆಗೆ ಕೀಲಿನ ಬುಡದ ತಗಡಿನಲ್ಲಿ ಬಿರುಕು ಕಾಣಿಸಿಕೊಳ್ಳುವುದು ಇದೇ ಕ್ರಮದಲ್ಲಿ ಬರುತ್ತವೆ. ಐದು ಲೀಟರಿನ ಚಪ್ಪಟೆ ಕ್ಯಾನಿಗೆ ಈ ಬ್ರ್ಯಾಕೆಟ್ ಆದೀತು, 20 ಲೀಟರಿಗೆ ಖಂಡಿತ ಅಲ್ಲ.

ಪಕ್ಕದ ಗಾಜಿನ ಜಾಗದಲ್ಲಿ ಅಥವಾ ಹಿಂಚಕ್ರದ ಮೇಲಿನ ತಗಡಿಗೆ ಕೂರಿಸುವ ಹೋಲ್ಡರ್‌ಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬಾಡಿಯ ತೆಳುತಗಡಿಗೆ ಒಳಗಿನಿಂದ ಅಗಲವಾದ ಪಟ್ಟಿ ಕೊಡದೆ ಬೋಲ್ಟ್ ಹಾಕಿದರೆ ತಗಡು ಹರಿಯುತ್ತದೆ. ಪಟ್ಟಿ ಕೊಟ್ಟರೂ ಗಾಡಿಯ ಅಗಲ ಹೆಚ್ಚುತ್ತದೆ, ಮತ್ತು ಕಿರಿದಾದ ಕಾಡುದಾರಿಯಲ್ಲಿ ಮರಕ್ಕೆ ಮೊದಲು ತಾಗುವುದು ಪೆಟ್ರೋಲೇ ಆಗುತ್ತದೆ.

ಛಾವಣಿಯ ಕ್ಯಾರಿಯರ್ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು, ಏಕೆಂದರೆ ಚಿತ್ರಗಳಲ್ಲಿ ಅದೇ ಚೆನ್ನಾಗಿ ಕಾಣುತ್ತದೆ ಮತ್ತು ಹಿಂದಿನಿಂದ ಯಾರಾದರೂ ಬಂದು ಗುದ್ದಿದರೆ ಕ್ಯಾನ್ ಸುರಕ್ಷಿತ ಎಂಬ ವಾದದಲ್ಲಿ ಹುರುಳೂ ಇದೆ. ಆದರೆ ಜಿಮ್ನಿಯ ಛಾವಣಿಗೆ ಸುಜುಕಿ ಹೇಳುವ ಮಿತಿ 30 ಕಿಲೋ ಮಾತ್ರ. ಉಕ್ಕಿನ ಕ್ಯಾರಿಯರ್ ಒಂದೇ ಆ ಮಿತಿಯ ಬಹುಭಾಗವನ್ನು ತಿಂದುಬಿಡುತ್ತದೆ. ಅದರ ಮೇಲೆ ಎರಡು ಕ್ಯಾನ್ ಎಂದರೆ 38 ಕಿಲೋ ಹೆಚ್ಚುವರಿ. ಸುಮಾರು 1,200 ಕಿಲೋ ತೂಕದ, 1.72 ಮೀಟರ್ ಎತ್ತರದ ಗಾಡಿಯ ನೆತ್ತಿಯಲ್ಲಿ ಇಷ್ಟು ಭಾರ ಇಟ್ಟಾಗ ಇಡೀ ಗಾಡಿಯ ಗುರುತ್ವಕೇಂದ್ರ ಮೂರು ಸೆಂಟಿಮೀಟರಿನಷ್ಟು ಮೇಲೇರುತ್ತದೆ. ಕೇಳಲು ಅಲ್ಪ, ಒಂದು ಬದಿಗೆ ವಾಲಿದ ಇಳಿಜಾರಿನಲ್ಲಿ, ಕಿರಿದಾದ ಚಕ್ರಾಂತರದ ಗಾಡಿಯನ್ನು ಓಡಿಸುವವನ ಹೊಟ್ಟೆಗೆ ಅದು ಗೊತ್ತಾಗುತ್ತದೆ. ಇನ್ನೊಂದು ತೊಂದರೆಯನ್ನು ಅಂಗಡಿಯವರು ಹೇಳುವುದಿಲ್ಲ. 4,500 ಮೀಟರ್ ಎತ್ತರದಲ್ಲಿ, ಶೂ ದಾರ ಕಟ್ಟಲು ಬಗ್ಗಿದರೂ ಏದುಸಿರು ಬರುವ ಜಾಗದಲ್ಲಿ, ತಲೆಯ ಮೇಲಿನಿಂದ 19 ಕಿಲೋದ ಕ್ಯಾನ್ ಇಳಿಸುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ.

ಹಾಗೆಂದು ಕ್ಯಾನನ್ನು ಒಳಗೆ, ಸಾಮಾನಿನ ನಡುವೆ ಇಟ್ಟುಕೊಳ್ಳುವುದನ್ನು ಯೋಚಿಸಲೂ ಬಾರದು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದ್ದರಿಂದ ತೇಲಿ ಹೋಗದೆ ನೆಲದ ಮಟ್ಟದಲ್ಲಿ ಕೂಡಿಕೊಳ್ಳುತ್ತದೆ, ಮತ್ತು ಗಾಳಿಯಲ್ಲಿ ಅದರ ಪ್ರಮಾಣ ಶೇಕಡಾ 1.4ರಷ್ಟಾದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಕಿಟಕಿ ಮುಚ್ಚಿ ಹೀಟರ್ ಹಾಕಿಕೊಂಡು ಹೋಗುವ ಲಡಾಖ್ ದಾರಿಯಲ್ಲಿ ವಾಸನೆಯಿಂದಲೇ ತಲೆನೋವು ಶುರುವಾಗುತ್ತದೆ. ಅದು ಎತ್ತರದ ಕಾಯಿಲೆಯೋ ಪೆಟ್ರೋಲಿನ ಆವಿಯೋ ಎಂದು ಬಿಡಿಸಿ ಹೇಳಲು ಜೊತೆಗಿದ್ದವರಿಗೂ ಆಗುವುದಿಲ್ಲ.

ಹೀಗೆ ಒಂದೊಂದನ್ನೇ ಬಿಟ್ಟುಕೊಂಡು ಬಂದರೆ ಉಳಿಯುವುದು ಹಿಂದೆ, ಸೊಂಟದ ಎತ್ತರದಲ್ಲಿ, ಬಾಡಿಗೂ ಬಾಗಿಲಿಗೂ ಸಂಬಂಧವಿಲ್ಲದಂತೆ ನೇರವಾಗಿ ಚಾಸಿಸ್ ಹೊರುವ ತೋಳು. ಜಿಮ್ನಿಗೆ ಲ್ಯಾಡರ್ ಚಾಸಿಸ್, ಅಂದರೆ ಬಾಡಿಯಿಂದ ಬೇರೆಯಾದ ಏಣಿಯಾಕಾರದ ಚೌಕಟ್ಟು, ಇರುವುದರಿಂದ ಇದು ಸಾಧ್ಯ. ಈ ವರ್ಕ್‌ಶಾಪಿನ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮೊದಲು ಮೆಚ್ಚುಗೆಯಾದದ್ದು, ಚಾಸಿಸ್‌ಗೆ ಒಂದು ಹೊಸ ತೂತನ್ನೂ ಕೊರೆಯದೆ, ಒಂದು ಚುಕ್ಕೆ ವೆಲ್ಡಿಂಗನ್ನೂ ಮಾಡದೆ, ಕಂಪನಿಯೇ ಕೊಟ್ಟಿರುವ ತೂತುಗಳನ್ನಷ್ಟೇ ಬಳಸಿ ಅಡ್ಡತೊಲೆಯನ್ನು ಕೂರಿಸಿರುವುದು. ಬೋಲ್ಟ್‌ಗಳೆಲ್ಲ ನೈಲಾಕ್ ನಟ್ (ಕುಲುಕಾಟಕ್ಕೆ ಸುಲಭವಾಗಿ ಸಡಿಲಾಗದ ನಟ್) ಇರುವ ಉತ್ತಮ ದರ್ಜೆಯವು. ಸ್ಪಿಂಡಲ್‌ಗೆ ಬರೀ ಬುಷ್ ಕೊಟ್ಟು ಮುಗಿಸುವವರೇ ಹೆಚ್ಚು. ಇವರು ಎರಡು ಟೇಪರ್ ಬೇರಿಂಗ್ ಹಾಕಿ, ಮೇಲೆ ಗ್ರೀಸ್ ನಿಪ್ಪಲ್ ಇಟ್ಟಿದ್ದಾರೆ. ತೋಳಿನ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಸಡಿಲವೇ ಇಲ್ಲ, ಲಡಾಖ್‌ನ ಧೂಳು ತಿಂದು ಬಂದ ಮೇಲೂ ಬರಲಿಲ್ಲ.

ಭಾರದ ಹಂಚಿಕೆಯ ಲೆಕ್ಕವನ್ನೂ ಹೇಳಿಬಿಡಬೇಕು. ಐದು ಬಾಗಿಲಿನ ಜಿಮ್ನಿಯ ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ) 2,590 ಮಿಲಿಮೀಟರ್. ಹಿಂದಿನ ಆಕ್ಸಲ್‌ಗಿಂತ ಸುಮಾರು ಒಂದು ಮೀಟರ್ ಹಿಂದೆ 20 ಕಿಲೋ ಇಟ್ಟರೆ ಮುಂದಿನ ಆಕ್ಸಲ್ ಮೇಲಿನ ಭಾರ ಎಂಟು ಕಿಲೋದಷ್ಟು ಇಳಿದು, ಹಿಂದಿನದರ ಮೇಲೆ 28 ಕಿಲೋ ಏರುತ್ತದೆ. ಇದು ಕ್ಯಾನಿನ ಪಾಲು ಮಾತ್ರ. ತೊಲೆ, ತೋಳುಗಳ ತೂಕ ಬೇರೆ. ಹಿಂದಿನ ಸೀಟಿನಲ್ಲಿ ಜನ, ಅವರ ಹಿಂದೆ ಚೀಲಗಳು ಇರುವಾಗ ಗಾಡಿಯ ಮೂತಿ ಮೇಲೆದ್ದು ಹೆಡ್‌ಲೈಟ್ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಕಡಿದಾದ ಏರಿನಲ್ಲಿ ಸ್ಟಿಯರಿಂಗ್ ಹಗುರವಾಗುತ್ತದೆ. ಒಂದು ಕ್ಯಾನಿಗೆ ಇದನ್ನು ಸಹಿಸಬಹುದು. ಇದೇ ತೋಳನ್ನು ಎರಡು ಕ್ಯಾನಿಗಾಗಿಯೂ ಮಾಡಿಕೊಡುತ್ತೇವೆ ಎಂದು ವರ್ಕ್‌ಶಾಪಿನವರು ಹೇಳುತ್ತಾರೆ. ಜಿಮ್ನಿಯಂಥ ಹಗುರ ಗಾಡಿಗೆ ನಾನದನ್ನು ಶಿಫಾರಸು ಮಾಡಲಾರೆ.

ಲ್ಯಾಚ್ ವಿಷಯದಲ್ಲಿ ಮೆಚ್ಚುಗೆ ಅರ್ಧದಷ್ಟು. ಮಡಚಿ ಬಿಗಿಯುವ ಟಾಗಲ್ ಲ್ಯಾಚ್ ತೋಳನ್ನು ರಬ್ಬರ್ ದಿಂಬಿಗೆ ಒತ್ತಿ ಹಿಡಿಯುತ್ತದೆ, ಅದಕ್ಕೊಂದು ಸುರಕ್ಷತಾ ಪಿನ್ ಕೂಡ ಇದೆ. ಹಾಗಾಗಿ ತಾನಾಗಿ ಬಿಚ್ಚಿಕೊಳ್ಳುವ ಭಯವಿಲ್ಲ. ಆದರೆ ಪಿನ್ನನ್ನು ಕಟ್ಟಿರುವ ತಂತಿ ತೀರಾ ತೆಳು, ಮತ್ತು ಉಣ್ಣೆಯ ಕೈಗವಸು ಹಾಕಿಕೊಂಡು ಅದನ್ನು ಎಳೆಯುವುದು ತ್ರಾಸ. ತೋಳು ತೆರೆದಾಗ ಅದನ್ನು ಹಿಡಿದಿಡುವ ಊರುಗೋಲು ಒಂದೇ ಸ್ಥಾನದಲ್ಲಿ ನಿಲ್ಲುತ್ತದೆ. ಗಾಡಿ ಇಳಿಜಾರಿನಲ್ಲಿ ನಿಂತಿದ್ದರೆ, ತುಂಬಿದ ಕ್ಯಾನ್ ಹೊತ್ತ ತೋಳು ಆ ಸ್ಥಾನ ತಲುಪುವ ಮೊದಲೇ ತನ್ನಷ್ಟಕ್ಕೆ ಬೀಸಿಕೊಂಡು ಬರುತ್ತದೆ. ಮಕ್ಕಳು ಪಕ್ಕದಲ್ಲಿದ್ದರೆ ಇದು ಸಣ್ಣ ಮಾತಲ್ಲ. ತೋಳಿನ ಚಲನೆಯನ್ನು ನಿಧಾನಗೊಳಿಸುವ ಗ್ಯಾಸ್ ಸ್ಟ್ರಟ್ ಕೊಟ್ಟಿದ್ದರೆ ಈ ದೋಷವಿರುತ್ತಿರಲಿಲ್ಲ. ಇನ್ನು, ಸಾಮಾನು ತೆಗೆಯಬೇಕಾದಾಗಲೆಲ್ಲ ಮೊದಲು ತೋಳು, ಆಮೇಲೆ ಬಾಗಿಲು ಎಂಬ ಎರಡು ಹಂತದ ಕೆಲಸ ಬೇಸರ ತರಿಸುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ಮನೆಯವರಿಗೂ ತಿಳಿಸಿಟ್ಟಿರಬೇಕು.

ತಟ್ಟೆಯಲ್ಲಿ ಕ್ಯಾನನ್ನು ಹಿಡಿದಿಡುವುದು ಬಟ್ಟೆಯ ಬೆಲ್ಟ್ ಅಲ್ಲ, ಮೇಲಿನಿಂದ ಅಡ್ಡ ಬರುವ ಉಕ್ಕಿನ ಪಟ್ಟಿ. ಇದು ಸರಿಯಾದ ನಿರ್ಧಾರ. ಬೆಲ್ಟ್ ಎಷ್ಟೇ ಬಿಗಿದರೂ ಕುಲುಕಾಟಕ್ಕೆ ಸಡಿಲಾಗುತ್ತದೆ, ಕ್ಯಾನಿನ ಅಂಚಿಗೆ ಉಜ್ಜಿ ಎಳೆಎಳೆಯಾಗುತ್ತದೆ, ಬಿಸಿಲಿಗೆ ಸೊರಗುತ್ತದೆ. ಪಟ್ಟಿಗೆ ಬೀಗ ಹಾಕಬಹುದಾದ್ದರಿಂದ ರಾತ್ರಿ ಹೋಟೆಲಿನ ಹೊರಗೆ ನಿಲ್ಲಿಸಿದಾಗ ಪೆಟ್ರೋಲ್ ಕ್ಯಾನ್ ಸಮೇತ ಮಾಯವಾಗುವ ಚಿಂತೆಯೂ ಇಲ್ಲ. ತಟ್ಟೆಯ ತಳದಲ್ಲಿ ನೀರು ಹರಿದುಹೋಗಲು ತೂತುಗಳಿವೆ, ಒಳಗೆ ರಬ್ಬರ್ ಹಾಸಿದೆ. ಪೌಡರ್ ಕೋಟಿಂಗ್ ಮಾತ್ರ ಸಾಧಾರಣ: ಹಿಂಚಕ್ರ ಎರಚಿದ ಕಲ್ಲು ಬಡಿದ ಕಡೆಯೆಲ್ಲ ಚಕ್ಕೆ ಎದ್ದು ತುಕ್ಕು ಇಣುಕಿದೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಗಾಡಿ ಇಡುವವರು ಪೌಡರ್ ಕೋಟಿಂಗ್‌ಗೆ ಮೊದಲು ಗ್ಯಾಲ್ವನೈಸ್ (ಸತುವಿನ ಲೇಪನ) ಮಾಡಿಸಿಕೊಡಿ ಎಂದು ಪಟ್ಟುಹಿಡಿಯಬೇಕು.

ಈಗ ಕ್ಯಾನಿನ ವಿಷಯ. ಈ ತಟ್ಟೆಯ ಅಳತೆ ಹಳೆಯ ಸೈನಿಕ ಮಾದರಿಯ 20 ಲೀಟರಿನ ಉಕ್ಕಿನ ಕ್ಯಾನಿಗೆ ಸರಿಹೊಂದುವಂತಿದೆ, ಅದೇ ಇದರ ಮುಖ್ಯ ಗುಣ ಎಂದರೂ ತಪ್ಪಿಲ್ಲ. 1937ರಲ್ಲಿ ಜರ್ಮನಿಯ ಮ್ಯುಲರ್ ಸಂಸ್ಥೆಯ ಎಂಜಿನಿಯರ್ ವಿನ್ಸೆನ್ಸ್ ಗ್ರ್ಯುನ್‌ಫೋಗೆಲ್ ರೂಪಿಸಿದ ಈ ವಿನ್ಯಾಸದಲ್ಲಿ ಇಂದಿಗೂ ಯಾರೂ ಹೆಚ್ಚೇನನ್ನೂ ತಿದ್ದಲಾಗಿಲ್ಲ. ಮೇಲೆ ಮೂರು ಹಿಡಿಗಳಿರುವುದರಿಂದ ತುಂಬಿದ ಕ್ಯಾನನ್ನು ಇಬ್ಬರು ಆಚೀಚೆ ಹಿಡಿದು ಒಯ್ಯಬಹುದು, ಖಾಲಿಯಾದರೆ ಒಬ್ಬನೇ ಒಂದು ಕೈಯಲ್ಲಿ ಎರಡನ್ನು ಹಿಡಿಯಬಹುದು. ಪಕ್ಕಗಳಲ್ಲಿ ಒತ್ತಿರುವ ಇಂಟುಗುರುತಿನ ತಗ್ಗು ಗಟ್ಟಿತನಕ್ಕೂ ಹೌದು, ಬಿಸಿಗೆ ಹಿಗ್ಗಿದಾಗ ತಗಡು ಉಬ್ಬಲು ಜಾಗ ಕೊಡುವುದಕ್ಕೂ ಹೌದು. ಎರಡು ಅರ್ಧಗಳನ್ನು ಕೂಡಿಸಿದ ವೆಲ್ಡಿಂಗ್ ಗೆರೆ ತಗ್ಗಿನೊಳಗೆ ಅಡಗಿರುವುದರಿಂದ ಏಟು ಬಿದ್ದಾಗ ಅದಕ್ಕೆ ತಾಗುವುದಿಲ್ಲ. ಪೂರ್ತಿ ತುಂಬಿದರೂ ಹಿಡಿಗಳ ಕೆಳಗೆ ಒಂದಿಷ್ಟು ಗಾಳಿ ಉಳಿಯುವಂತೆ ಬಾಯಿಯನ್ನು ಇರಿಸಲಾಗಿದೆ. ಆ ಗಾಳಿಯ ಜಾಗಕ್ಕೆ ಹೋಗುವ ಸಣ್ಣ ಕೊಳವೆಯಿಂದಾಗಿ ಬಗ್ಗಿಸಿದಾಗ ಪೆಟ್ರೋಲ್ ಗುಳುಗುಳು ಎನ್ನದೆ ಒಂದೇ ಧಾರೆಯಾಗಿ ಬೀಳುತ್ತದೆ. ಇದರ ಕತೆಯಲ್ಲಿ ಭಾರತಕ್ಕೂ ಒಂದು ಪಾತ್ರವಿದೆ. 1939ರಲ್ಲಿ ಪಾಲ್ ಪ್ಲೈಸ್ ಎಂಬ ಅಮೆರಿಕನ್ ಎಂಜಿನಿಯರ್ ತನ್ನ ಜರ್ಮನ್ ಸಹೋದ್ಯೋಗಿಯೊಡನೆ ಬರ್ಲಿನ್‌ನಿಂದ ಭಾರತಕ್ಕೆ ಗಾಡಿಯಲ್ಲಿ ಹೊರಟಾಗ, ದಾರಿಯ ನೀರಿಗೆಂದು ಆ ಸಹೋದ್ಯೋಗಿ ಟೆಂಪಲ್‌ಹೋಫ್ ವಿಮಾನ ನಿಲ್ದಾಣದ ದಾಸ್ತಾನಿನಿಂದ ಮೂರು ಕ್ಯಾನ್ ಎತ್ತಿಕೊಂಡು ಬಂದಿದ್ದ. ಅಮೆರಿಕದ ಸೈನ್ಯಕ್ಕೆ ಈ ವಿನ್ಯಾಸದ ಪರಿಚಯವಾದದ್ದು ಆ ಪ್ರಯಾಣದಿಂದ.

ಅಂಗಡಿಗಳಲ್ಲಿ ಸಿಗುವ ನಕಲು ಕ್ಯಾನ್‌ಗಳಲ್ಲಿ ಹೊರಗಿನ ಆಕಾರವಷ್ಟೇ ಇರುತ್ತದೆ. ಒಳಗೆ ಲೇಪನವಿಲ್ಲದೆ ಬರಿಯ ಕಬ್ಬಿಣ, ಗ್ಯಾಸ್ಕೆಟ್ ಜಾಗದಲ್ಲಿ ಪೆಟ್ರೋಲಿಗೆ ಕರಗುವ ರಬ್ಬರು, ಮುಚ್ಚಳದ ಪಿನ್ ಜಾಗದಲ್ಲಿ ಬಾಗಿಸಿದ ತಂತಿ. ಕೊಳ್ಳುವ ಮೊದಲು ನೀರು ತುಂಬಿಸಿ ತಲೆಕೆಳಗೆ ಮಾಡಿ ಒಂದು ರಾತ್ರಿ ಬಿಡಲು ಒಪ್ಪದ ಅಂಗಡಿಯಿಂದ ಕೊಳ್ಳಬೇಡಿ. ಈಗ ಬಂಕ್‌ಗಳಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್ ಆದ್ದರಿಂದ ಒಳಲೇಪನದ ಮಹತ್ವ ಇನ್ನೂ ಹೆಚ್ಚಿದೆ: ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಮಿತಿ ಮೀರಿದರೆ ನೀರು ಮತ್ತು ಎಥನಾಲ್ ಬೇರೆಯಾಗಿ ತಳ ಸೇರುತ್ತವೆ, ಆ ತಳದಲ್ಲಿ ಬರಿಯ ಕಬ್ಬಿಣವಿದ್ದರೆ ತುಕ್ಕು ಹಿಡಿಯುತ್ತದೆ. ತಿಂಗಳುಗಟ್ಟಲೆ ತುಂಬಿಸಿಟ್ಟ ಕ್ಯಾನ್ ಆಪತ್ಕಾಲಕ್ಕೆ ಒದಗುವುದಿಲ್ಲ.

ಉಕ್ಕಿನ ಕ್ಯಾನನ್ನೇ ಒತ್ತಿ ಹೇಳುವುದಕ್ಕೆ ಕಾನೂನಿನ ಕಾರಣವೂ ಇದೆ. 1934ರ ಪೆಟ್ರೋಲಿಯಂ ಕಾಯ್ದೆಯ 8ನೇ ಕಲಮಿನ ಪ್ರಕಾರ, ಮಾರಾಟಕ್ಕಲ್ಲದ ಎ ವರ್ಗದ ಪೆಟ್ರೋಲಿಯಂ ಅನ್ನು, ಅಂದರೆ ಪೆಟ್ರೋಲಿನಂಥದನ್ನು, 30 ಲೀಟರ್‌ವರೆಗೆ ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದು. ಆದರೆ ಅದು ಗಾಜು, ಪಿಂಗಾಣಿ ಅಥವಾ ಲೋಹದ ಪಾತ್ರೆಯಲ್ಲಿ ಭದ್ರವಾಗಿ ಮುಚ್ಚಿರಬೇಕು. ಗಾಜು ಅಥವಾ ಪಿಂಗಾಣಿಯದಾದರೆ ಒಂದು ಲೀಟರ್, ಲೋಹದ್ದಾದರೆ 25 ಲೀಟರ್ ಮೀರಬಾರದು. ವಾಹನ ಮಾಲೀಕರು ಅದೇ ವಾಹನದ ಬಳಕೆಗೆಂದು ಟ್ಯಾಂಕಿನ ಹೊರತಾಗಿ 100 ಲೀಟರ್‌ವರೆಗೆ ಒಯ್ಯಲು 9ನೇ ಕಲಮು ಅವಕಾಶ ಕೊಡುತ್ತದೆ, ಪಾತ್ರೆಯ ಷರತ್ತು ಮಾತ್ರ ಅದೇ. ಪ್ಲಾಸ್ಟಿಕ್ಕಿನ ಹೆಸರು ಆ ಪಟ್ಟಿಯಲ್ಲಿಲ್ಲ. ಅಮೆರಿಕದ ರೋಟೋಪ್ಯಾಕ್ಸ್ ಮಾದರಿಯ ಚಪ್ಪಟೆ ಪ್ಲಾಸ್ಟಿಕ್ ಕ್ಯಾನ್‌ಗಳು ನಡುವಿನ ಒಂದೇ ಹಿಡಿಯಿಂದ ತಿರುಗಿಸಿ ಬಿಗಿಯುವ ಜಾಣ ಜೋಡಣೆಯವು, ಒಂದರ ಮೇಲೊಂದು ಕೂರುತ್ತವೆ, ನೋಡಲೂ ಚೆಂದ. ನೀರಿಗೆ ಅವನ್ನು ಸಂತೋಷದಿಂದ ಬಳಸಿ. ಪೆಟ್ರೋಲಿಗೆ ಅವನ್ನು ಒಡ್ಡಿದರೆ ಬಂಕ್‌ನವರು ತುಂಬಲು ನಿರಾಕರಿಸುವ ಸಾಧ್ಯತೆಯೇ ಹೆಚ್ಚು, ನಿರಾಕರಿಸುವುದು ಸರಿಯೂ ಹೌದು.

ಎತ್ತರದ ದಾರಿಯಲ್ಲಿ ಕ್ಯಾನಿನ ಬಳಕೆಗೆ ಕೆಲವು ಶಿಸ್ತುಗಳು ಬೇಕು, ಈ ತೋಳಿನ ಎತ್ತರ ಅವಕ್ಕೆ ಅನುಕೂಲ ಮಾಡಿಕೊಡುತ್ತದೆ. ತಾಂಡಿಯಲ್ಲಿ ಬಿಗಿಯಾಗಿ ಮುಚ್ಚಿದ ಕ್ಯಾನ್ 5,300 ಮೀಟರ್ ತಲುಪುವ ಹೊತ್ತಿಗೆ ಹೊರಗಿನ ವಾಯುಭಾರ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪ ಹೆಚ್ಚಷ್ಟೇ ಇರುತ್ತದೆ, ಒಳಗಿನ ಒತ್ತಡ ಹಾಗೆಯೇ ಉಳಿದಿರುತ್ತದೆ. ಬಿಸಿಲು ಬಿದ್ದರೆ ಪೆಟ್ರೋಲೂ ಹಿಗ್ಗುತ್ತದೆ. 20 ಲೀಟರ್ ಪೆಟ್ರೋಲ್ 30 ಡಿಗ್ರಿ ಬಿಸಿಯೇರಿದರೆ ಅರ್ಧ ಲೀಟರಿಗೂ ಮಿಕ್ಕಿ ಹೆಚ್ಚುತ್ತದೆ. ಇಂಥ ಕ್ಯಾನಿನ ಮುಚ್ಚಳವನ್ನು ಒಮ್ಮೆಲೇ ಎತ್ತಿದರೆ ಪೆಟ್ರೋಲ್ ಮುಖಕ್ಕೆ ಚಿಮ್ಮುತ್ತದೆ. ಸೈನಿಕ ಮಾದರಿಯ ಮುಚ್ಚಳದ ಲೀವರನ್ನು ಅಂಗೈಯಲ್ಲಿ ಒತ್ತಿ ಹಿಡಿದು ಸ್ವಲ್ಪ ಸ್ವಲ್ಪವೇ ಸಡಿಲಿಸಿದರೆ ಗಾಳಿ ಸುಯ್ ಎಂದು ಹೋಗಿ ಒತ್ತಡ ಇಳಿಯುತ್ತದೆ. ಆಮೇಲೆ ಕ್ಯಾನನ್ನು ಎತ್ತುವ ಅಗತ್ಯವೇ ಇಲ್ಲ: ತೋಳಿನ ತಟ್ಟೆ ಟ್ಯಾಂಕಿಗಿಂತ ಮೇಲಿರುವುದರಿಂದ, ತುದಿಯಲ್ಲಿ ಗುಂಡಿರುವ ಕುಲುಕುವ ಸೈಫನ್ ಕೊಳವೆಯೊಂದನ್ನು ಕ್ಯಾನಿನಿಂದ ಟ್ಯಾಂಕಿನ ಬಾಯಿಗೆ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ಕೊಳವೆ ಸಾಕಷ್ಟು ಉದ್ದವಿರಲಿ. ಬಂಕ್‌ನಲ್ಲಿ ಕ್ಯಾನ್ ತುಂಬಿಸುವಾಗ ಮಾತ್ರ ಸೋಮಾರಿತನ ಬೇಡ. ತಟ್ಟೆಯೊಳಗಿನ ರಬ್ಬರಿನ ಮೇಲೆ ಕೂತ ಕ್ಯಾನಿನಲ್ಲಿ ಸ್ಥಿರವಿದ್ಯುತ್ ನೆಲಕ್ಕೆ ಇಳಿಯದೆ ಕೂಡಿಕೊಳ್ಳಬಹುದಾದ್ದರಿಂದ ಅದನ್ನು ಇಳಿಸಿ ನೆಲದ ಮೇಲಿಟ್ಟು, ನಳಿಕೆಯನ್ನು ಕ್ಯಾನಿನ ಬಾಯಿಗೆ ತಾಗಿಸಿಕೊಂಡೇ ತುಂಬಿಸಬೇಕು. ಕೊನೆಯ ಬಂಕಿನವರೆಗೂ ಕ್ಯಾನನ್ನು ಖಾಲಿ ಒಯ್ಯಬೇಕು, ಮತ್ತು ಟ್ಯಾಂಕಿನಲ್ಲಿ 20 ಲೀಟರ್ ಜಾಗವಾದ ಕೂಡಲೇ ಕ್ಯಾನನ್ನು ಬರಿದು ಮಾಡಬೇಕು. ಹಿಂದಿನಿಂದ ಲಾರಿಯೊಂದು ಗುದ್ದಬಹುದಾದ ಜಾಗದಲ್ಲಿ ಪೆಟ್ರೋಲನ್ನು ಅಗತ್ಯಕ್ಕಿಂತ ಒಂದು ಗಂಟೆ ಹೆಚ್ಚು ಇಡುವುದಕ್ಕೂ ಕಾರಣವಿಲ್ಲ. ಈ ತೋಳಿನ ನಿಜವಾದ ದೌರ್ಬಲ್ಯ ಅದೇ, ಎಷ್ಟು ಗಟ್ಟಿಯಾಗಿ ಮಾಡಿದರೂ ಅದು ಹೋಗುವಂಥದ್ದಲ್ಲ.

ವರ್ಕ್‌ಶಾಪಿನ ಸೇವೆಯ ಬಗ್ಗೆ ಎರಡು ಮಾತು. ಜೋಡಣೆ ಅಚ್ಚುಕಟ್ಟಾಗಿತ್ತು, ಹೇಳಿದ ದಿನಕ್ಕೆ ಗಾಡಿ ಸಿಗಲಿಲ್ಲ. ನಂಬರ್ ಪ್ಲೇಟ್ ಮತ್ತು ಹಿಂದಿನ ದೀಪಗಳು ಮರೆಯಾಗದಂತೆ ತೋಳನ್ನು ಬಾಗಿಸಿದ್ದಾರೆ; ಆದರೆ ಹಿಂಬದಿಯ ಕ್ಯಾಮೆರಾದ ನೋಟದ ಒಂದು ಮೂಲೆಯನ್ನು ಕ್ಯಾನ್ ನುಂಗಿದೆ. ಮೊದಲ ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಬೋಲ್ಟ್‌ಗಳನ್ನು ಮತ್ತೆ ಬಿಗಿಸಿಕೊಳ್ಳಬೇಕು ಎಂದು ಅವರು ತಾವಾಗಿ ಹೇಳಲಿಲ್ಲ, ಕೇಳಿದಾಗ ಹೇಳಿದರು. ಯಾವ ಬೋಲ್ಟ್‌ಗೆ ಎಷ್ಟು ಟಾರ್ಕ್ (ಬಿಗಿಯುವ ಬಲ) ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಡುವುದು ಇಷ್ಟು ಬೆಲೆಯ ವಸ್ತು ಮಾರುವವರ ಕರ್ತವ್ಯ. ಗ್ರೀಸ್ ಯಾವುದು, ಎಷ್ಟು ದಿನಕ್ಕೊಮ್ಮೆ ಎಂಬುದೂ ಹಾಗೆಯೇ.

ಥಾರ್ ಮತ್ತು ಫೋರ್ಸ್ ಗೂರ್ಖಾಗಳಿಗೂ ಇದೇ ತೋಳನ್ನು ಅಳತೆ ಬದಲಿಸಿ ಮಾಡಿಕೊಡುತ್ತಾರೆ. 2020ರ ನಂತರದ ಮೂರು ಬಾಗಿಲಿನ ಥಾರ್‌ನ ಟ್ಯಾಂಕ್ 57 ಲೀಟರ್, ಗೂರ್ಖಾದ್ದು 63.5 ಲೀಟರ್. ಲೀಟರಿಗೆ ಹತ್ತು ಹನ್ನೊಂದು ಕಿಲೋಮೀಟರ್ ಕೊಡುವ ಡೀಸೆಲ್ ಎಂಜಿನ್ ಇರುವವರು ತಾಂಡಿಯಲ್ಲಿ ಟ್ಯಾಂಕ್ ತುಂಬಿಸಿದರೆ ಕಾರೂ ತಲುಪಿದ ಮೇಲೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಉಳಿದಿರುತ್ತದೆ. ಹಾನ್ಲೆಯ ಆಚೆ ಹೋಗುವ ಯೋಚನೆಯಿಲ್ಲದಿದ್ದರೆ ಅವರು ಈ ತೋಳಿನ ಹಣವನ್ನು ಒಳ್ಳೆಯ ಟೈರುಗಳಿಗೆ ಹಾಕುವುದೇ ಮೇಲು. ಹೋಗುವುದಿದ್ದರೂ ಡೀಸೆಲ್ ಪೆಟ್ರೋಲಿನಷ್ಟು ಸುಲಭವಾಗಿ ಆವಿಯಾಗುವುದಿಲ್ಲ, ಕಾನೂನಿನಲ್ಲಿಯೂ ಅದು ಬಿ ವರ್ಗಕ್ಕೆ ಸೇರಿದ್ದು, ಆದ್ದರಿಂದ ಅವರ ಅಪಾಯ ನಮ್ಮದಕ್ಕಿಂತ ಕಡಿಮೆ. ಪೆಟ್ರೋಲ್ ಥಾರ್ ಇರುವವರ ಸ್ಥಿತಿ ಬೇರೆ: ಆ ಎಂಜಿನ್ನಿನ ದಾಹ ಜಿಮ್ನಿಗಿಂತ ಹೆಚ್ಚು, ಗಾಡಿಯ ತೂಕವೂ ಹೆಚ್ಚು, ಹಿಂಬಾಗಿಲಿನ ಮೇಲಿನ ಚಕ್ರವೂ ದೊಡ್ಡದು. ಅವರು ಹಿಂಬಾಗಿಲಿಗೆ ಸಿಕ್ಕಿಸುವ ಅಗ್ಗದ ಬ್ರ್ಯಾಕೆಟನ್ನು ಬಿಟ್ಟು ಈ ತೋಳನ್ನೇ ಹಾಕಿಸಿಕೊಳ್ಳಬೇಕು, ಮತ್ತು ಹಾಕಿಸುವಾಗ ಊರುಗೋಲಿನ ಬದಲು ಗ್ಯಾಸ್ ಸ್ಟ್ರಟ್ ಬೇಕೆಂದು ಮುಂಗಡ ಕೊಡುವ ಮೊದಲೇ ಹೇಳಿಬಿಡಬೇಕು.